ಕಾದಿಟ್ಟ ಅಂಗಿ

ಮನೆಗೆ ಹೊಂದಿಕೊಂಡಿದ್ದ ತಮ್ಮ ಇಸ್ತ್ರಿ ಅಂಗಡಿಯಲ್ಲಿ ತೂಗುಹಾಕಿದ್ದ ಬಟ್ಟೆಗಳನ್ನೆಲ್ಲ ಅವಳು ಮತ್ತೊಮ್ಮೆ ಸರಿಸಿ ನೋಡಿದಳು. ಊರವರ ಪ್ಯಾಂಟು, ಶಾಲೆಯ ಸಮವಸ್ತ್ರ, ಯಾರದೋ ಕೋಟು. ಕೊನೆಯ ಹ್ಯಾಂಗರ್ ಖಾಲಿ.

"ಸಿಕ್ತಾ ಅತ್ತಿಗೆ?" ನಾದಿನಿ ಬಾಗಿಲಲ್ಲಿ ನಿಂತಿದ್ದಳು. "ಚರ್ಚಿನಿಂದ ಪೆಟ್ಟಿಗೆ ಬಂತು. ಅಣ್ಣನಿಗೆ ಬಟ್ಟೆ ಹಾಕ್ಬೇಕು."

"ಇಲ್ಲ ಕಣೆ. ಇಷ್ಟು ವರ್ಷ ಕಾದಿಟ್ಟ ಅಂಗಿ, ಇವತ್ತೇ ಕೈಕೊಡ್ತು."

"ಬೇರೆ ಯಾವ್ದಾದ್ರೂ..."

"ಬೇರೆ ಆಗಲ್ಲ. ಅದನ್ನ ಹಾಕ್ಕೊಂಡೇ ಕರ್ತನ ಎದುರು ನಿಲ್ತೀನಿ ಅಂತಿದ್ರು. ಅಷ್ಟನ್ನೂ ನಡೆಸಿಕೊಡಕ್ಕಾಗದಿದ್ರೆ ನಾನೆಂಥ ಹೆಂಡ್ತಿ?"

ರಾತ್ರಿ ನಿದ್ದೆಯಲ್ಲೇ ತೀರಿಕೊಂಡ ಗಂಡ ಒಳಗೆ ಮಾಸಿದ ಬನಿಯನ್ನಿನಲ್ಲಿ ಮಲಗಿದ್ದ. ಬೀದಿಯವರ ಬಟ್ಟೆಯ ಸುಕ್ಕನ್ನೆಲ್ಲ ತೆಗೆದವನಿಗೆ ಇವತ್ತು ನೆಟ್ಟಗಿನ ಒಂದು ಅಂಗಿಗೂ ಗತಿಯಿಲ್ಲ. ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

*

ಕರ್ತನು ಹೇಳದೆ ಕೇಳದೆ ಮತ್ತೆ ಬರುತ್ತಾನೆ, ಸಿದ್ಧವಾಗಿರಿ ಎಂದು ಪಾದ್ರಿಗಳು ಹೇಳಿದ್ದೇ ತಡ, ಈ ಮಹಾರಾಯ ಬಿಳಿ ಅಂಗಿಯೊಂದನ್ನು ಹೊಲಿಸಿಬಿಟ್ಟಿದ್ದ. ಪ್ರತಿ ಶನಿವಾರ ನೀರು ಚಿಮುಕಿಸಿ, ಕಾಲರಿನಿಂದ ಶುರುಮಾಡಿ, ಅದಕ್ಕೆ ಇಸ್ತ್ರಿ ಹಾಕುತ್ತಿದ್ದ. ತೊಡುತ್ತಿರಲಿಲ್ಲ. ಸ್ವಂತ ತಮ್ಮ ಮದುವೆಗೆ ಕೇಳಿದರೂ ಕೊಟ್ಟವನಲ್ಲ.

"ಆತ ಬರೋ ಹೊತ್ತಿಗೆ ಹೊಟ್ಟೆ ಹತ್ರ ಗುಂಡಿ ಸೇರಲ್ಲ, ನೋಡ್ತಿರಿ" ಎಂದು ಅವಳು ಕಿಚಾಯಿಸುತ್ತಿದ್ದಳು.

"ಒಳಗೆಳ್ಕೊಂಡು ನಿಲ್ತೀನಿ ಬಿಡೆ. ಅಂಗಿ ಸುಕ್ಕಾಗಿರಬಾರದು, ಅಷ್ಟೇ."

*

ಅಷ್ಟರಲ್ಲಿ ಎದುರುಮನೆಯ ಪೇಂಟರ್ ಬಸ್ಸಿಳಿದವನು ಸಾವಿನ ಸುದ್ದಿ ಕೇಳಿ ಓಡಿಬಂದ. ಮೈಮೇಲೆ ಆ ಬಿಳಿ ಅಂಗಿ. ಅವನು ಗುಂಡಿ ಬಿಚ್ಚತೊಡಗಿದ.

"ತಪ್ಪಾಯ್ತು ಅಕ್ಕಾ. ನಿನ್ನೆ ಮಗಳ ನಿಶ್ಚಿತಾರ್ಥ. ನನ್ ಹತ್ರ ಬಣ್ಣ ಮೆತ್ತದ ಅಂಗಿ ಒಂದೂ ಇಲ್ಲ. ಬೀಗರ ಮುಂದೆ ಹೇಗ್ ನಿಲ್ಲಲಿ ಅಂತ ಅಣ್ಣನ ಹತ್ರ ಗೋಳಾಡಿದೆ. ಇದನ್ನೇ ತೆಗೆದು ಕೊಟ್ರು."

"ಇದನ್ನ? ಅವರಾಗೇ?"

"ಬೇಡ ಅಣ್ಣಾ, ಇವತ್ತೇ ಕರ್ತ ಬಂದುಬಿಟ್ರೆ ಅಂದೆ. 'ಬರ್ಲಿ ಬಿಡೋ, ಅಂಗಿ ನಿನ್ ಹತ್ರ ಇದೆ ಅಂತ ಹೇಳ್ತೀನಿ' ಅಂದ್ರು. ನಗ್ತಾ ನಗ್ತಾ ಗುಂಡೀನೂ ಅವರೇ ಹಾಕಿದ್ರು."

ಅವಳು ಗುಂಡಿ ಬಿಚ್ಚುತ್ತಿದ್ದ ಅವನ ಕೈ ತಡೆದಳು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಬಿಚ್ಬೇಡ, ಗುಂಡಿ ಹಾಕ್ಕೋ" ಎಂದಳು. "ಬೀಗರ ಮನೇಲಿ ಎಲ್ಲ ಚೆನ್ನಾಗಿ ನಡೀತಾ?"

"ನಡೀತು ಅಕ್ಕಾ. ಅಣ್ಣನಿಗೆ ಹೇಳೋಣ ಅಂತಾನೇ ಮೊದಲ ಬಸ್ಸಿಗೆ ಹೊರಟೆ."

ಅವಳು ಅಂಗಡಿಗೆ ಹೋಗಿ ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ಗಂಡ ದಿನಾ ಕೆಲಸಕ್ಕೆ ತೊಡುತ್ತಿದ್ದ ನೀಲಿ ಅಂಗಿಯನ್ನು ಹರಡಿದಳು. ತೋಳಿನ ಮೇಲೊಂದು ಸುಟ್ಟ ಕಲೆಯಿತ್ತು. ನೀರು ಚಿಮುಕಿಸಿ, ಕಾಲರಿನಿಂದ ಶುರುಮಾಡಿದಳು.

ತೊಡಿಸುವಾಗ ಹೊಟ್ಟೆಯ ಹತ್ತಿರದ ಗುಂಡಿ ತಕರಾರು ತೆಗೆಯಿತು.

"ಒಳಗೆಳ್ಕೊಳ್ರೀ" ಎಂದಳು ಮೆಲ್ಲಗೆ. ನಾದಿನಿ ಅಳುತ್ತಲೇ ನಕ್ಕಳು. ಗುಂಡಿ ಸೇರಿತು.

ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಎತ್ತುವಾಗ ಪೇಂಟರ್ ಮುಂದೆ ಬಂದು, ಅಂಗಿಯನ್ನೊಮ್ಮೆ ನೋಡಿಕೊಂಡು ಅನುಮಾನಿಸಿದ.

"ಹೆಗಲು ಕೊಡಪ್ಪ" ಎಂದಳು ಅವಳು.

ಭಾರ ಬೀಳುತ್ತಲೇ ಬಿಳಿ ಬಟ್ಟೆ ಹೆಗಲಮೇಲೆ ಮುದ್ದೆಯಾಯಿತು. ಸರಿಮಾಡಲೆಂದು ಅಭ್ಯಾಸಬಲದಿಂದ ಕೈ ಎತ್ತಿದವಳು, ಹಾಗೇ ಬಿಟ್ಟು ಅದರ ಹಿಂದೆಯೇ ನಡೆದಳು.