ನೀರಿಗೆ ಬಿಟ್ಟ ಗೊಂಬೆ

ಕರೆಂಟು ಬಂದ ಕೂಡಲೇ ಮೋಟಾರು ಹಾಕಿ ಲೋಕೇಶ್ವರಿ ಪಣಕಹಳ್ಳಿಯ ತಮ್ಮ ಹೊಲಕ್ಕೆ ನೀರು ಕಟ್ಟುತ್ತಿದ್ದಳು. ಚಿಕ್ಕ ಮಗಳು ಶೈಲಶ್ರೀ ತೀರಿಹೋದ ಮೇಲೆ ಬೀಳು ಬಿದ್ದಿದ್ದ ಪಾತಿಗಳಿಗೆ ಅದೇ ಮೊದಲ ನೀರು. ಕೊನೆಯ ಪಾತಿಯ ಬಾಯಲ್ಲಿ ಏನೋ ಅಡ್ಡ ಸಿಕ್ಕಿ ನೀರು ನಿಂತಿತು. ಗುದ್ದಲಿಯಿಂದ ಎಳೆದಳು. ಕೆಸರಿನ ಜೊತೆ ಒಂದು ಗೊಂಬೆ ಬಂತು.

ಜೋಳದ ಸಿಪ್ಪೆಯ ಮೈ, ಅರ್ಧ ಕೊಳೆತಿತ್ತು. ಎದೆಯ ಮೇಲೆ ಅಡ್ಡಡ್ಡ ಸುತ್ತಿದ ಬಟ್ಟೆ ಮಾತ್ರ ಹಾಗೇ ಇತ್ತು. ಶೈಲಶ್ರೀಯ ಹಸಿರು ಲಂಗದ ಅಂಚು. ಹೀಗೆ ಬಟ್ಟೆ ಸುತ್ತಿದ ಗೊಂಬೆಯನ್ನು ಲೋಕೇಶ್ವರಿ ಒಂದೇ ಕಡೆ ನೋಡಿದ್ದಳು.

ಪುಸ್ತಕಕ್ಕೆ ಹೊದಿಸುವ ಅಟ್ಟೆಗೆಂದು ಮಾಲಿನಿ ಟೀಚರು ದೊಡ್ಡ ಮಗಳು ಸ್ಪಂದನಳಿಗೆ ಒಂದು ಹಳೇ ಕ್ಯಾಲೆಂಡರು ಕೊಟ್ಟಿದ್ದರು. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣದ ಮೇಲೆ ಬಣ್ಣ ಒತ್ತಿ ತೆಗೆದ ಜಪಾನಿನ ಚಿತ್ರಗಳು. ಒಂದರಲ್ಲಿ ಕೆಂಪು ಮೆಟ್ಟಿಲ ಮೇಲೆ ಎದೆಗೆ ಅಡ್ಡಡ್ಡ ಬಟ್ಟೆ ಸುತ್ತಿದ ರಾಜ ರಾಣಿ ಗೊಂಬೆಗಳು. ಇನ್ನೊಂದರಲ್ಲಿ ಹೆಂಗಸರು ಮಕ್ಕಳು ಹೊಳೆಯ ಅಂಚಿಗೆ ಬಗ್ಗಿ ಕಾಗದದ ಗೊಂಬೆಗಳನ್ನು ನೀರಿಗೆ ಬಿಡುತ್ತಿದ್ದರು.

"ಮಕ್ಕಳ ಕಾಯ್ಲೆನೆಲ್ಲ ಗೊಂಬೆ ಎತ್ಕಂಡು ಓಯ್ತದಂತೆ ಕಣವ್ವ, ಟೀಚರ್ ಏಳುದ್ರು" ಎಂದಿದ್ದಳು ಸ್ಪಂದನ.

ಶೈಲಶ್ರೀಯ ಸುಡುವ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದ ಲೋಕೇಶ್ವರಿ ನಕ್ಕಿದ್ದಳು. "ಅಂಗಾದ್ರೆ ನಿಮ್ಮಜ್ಜಿ ಮಂಡಿನೋವ್ಗೂ ಒಂದ್ ಮಾಡ್ಬುಡು."

"ನನ್ ಮಂಡಿನೋವು ಒರೋ ಗೊಂಬೆ ಇನ್ನೂ ಉಟ್ಟಿಲ್ಲ ಕಣ" ಎಂದಿತು ಮೂಲೆಯಿಂದ ಅಜ್ಜಿ ಪುಟ್ಟಮಲ್ಲಮ್ಮನ ದನಿ. ಜ್ವರದಲ್ಲೂ ಶೈಲಶ್ರೀ ಕಿಲಕಿಲ ಎಂದಳು. ಮಾರನೆಯ ದಿನ ಅವಳನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆಂದು ದಿಂಬಂ ಘಾಟಿ ಇಳಿದರು. ಆಸ್ಪತ್ರೆಯಿಂದ ಮಗು ನಗುತ್ತಾ ಬರಲಿಲ್ಲ.

ಅಂದಿನಿಂದ ಸ್ಪಂದನ ಹೊಲದ ಕಡೆ ಕಾಲಿಟ್ಟಿರಲಿಲ್ಲ. ಪುಸ್ತಕಗಳಿಗೆಲ್ಲ ಕ್ಯಾಲೆಂಡರಿನ ಚಿತ್ರ ಒಳಗಾಗುವಂತೆ ಅಟ್ಟೆ ಹಾಕಿದ್ದಳು. ತಲೆ ಬಾಚುವಾಗ "ಅವ್ವಾ" ಎನ್ನುವಳು. "ಏನ್ ಮಗ?" ಎಂದರೆ "ಏನಿಲ್ಲ." ಮಗಳ ಮನಸ್ಸಲ್ಲಿ ಏನೋ ಕೂತಿದೆ ಎಂದು ಲೋಕೇಶ್ವರಿಗೆ ಗೊತ್ತಿತ್ತು. ಕೆದಕಿದರೆ ಇನ್ನೂ ಒಳಕ್ಕೆ ಹೋದೀತೆಂದು ಕಾಯುತ್ತಿದ್ದಳು.

ಇವತ್ತು ಅಜ್ಜಿ ಗದರಿ ಟೀ ಕೊಟ್ಟು ಕಳಿಸಿದ್ದಳು. ಟೀ ತುಂಬಿದ ಸೊಂಬು ಹಿಡಿದು ಬಂದ ಸ್ಪಂದನ ತಾಯಿಯ ಕೈಲಿದ್ದುದನ್ನು ನೋಡಿ ಬದುವಿನ ಮೇಲೆ ನಿಂತುಬಿಟ್ಟಳು.

ಲೋಕೇಶ್ವರಿ ಗೊಂಬೆಯ ಕೆಸರನ್ನು ಮೆಲ್ಲಗೆ ತೊಳೆದಳು. "ನೀನೇ ಮಾಡಿದ್ದಾ ಮಗ? ಚೆನ್ನಾಗದೆ."

ಸ್ಪಂದನ ಗೊಂಬೆಯನ್ನು ನೋಡಲಿಲ್ಲ, ನೀರನ್ನು ನೋಡಿದಳು. ಈ ಒಣ ಸೀಮೆಯಲ್ಲಿ ಅವಳು ಕಂಡ ಹರಿಯುವ ನೀರೆಂದರೆ ಇದೊಂದೇ. ಪೈಪಿನಿಂದ ಧುಮುಕಿ, ಕಾಲುವೆಯಲ್ಲಿ ಓಡಿ, ಕೊನೆಯ ಪಾತಿಗೆ ಬಂದು ಅಲ್ಲೇ ಮಣ್ಣಿಗೆ ಇಂಗುತ್ತಿತ್ತು. ಸೊಂಬನ್ನು ಬದುವಿನ ಮೇಲಿಟ್ಟಳು.

"ಅವ್ವಾ, ನಮ್ ನೀರು ಮುಂದಕ್ಕೆ ಓಗದೇ ಇಲ್ವಲ್ಲ... ಗೊಂಬೆ ಇಲ್ಲೇ ಸಿಕ್ಕಾಕಂಡದ್ಕೇ ಪಾಪು ಓಗ್ಬುಟ್ಲಾ?"