ಯಾರ್ಡಿನ ಹಣಮಪ್ಪ

ನಡುರಾತ್ರಿ ದಾಟಿದ ಮೇಲೆ ಯಾರ್ಡಿನ ಕಡೆಯಿಂದ ‘ಚಿಟ್’ ಎಂದು ಒಂದು ಸಣ್ಣ ಸಪ್ಪಳ ಬಂತು. ಒಣಕಡ್ಡಿ ಮುರಿದಷ್ಟೇ. ಅದರ ಬೆನ್ನಿಗೇ ಮಮದಾಪುರದ ಕಡೆಯ ಲೈನು ಟ್ರಿಪ್ ಆಯಿತು, ಸಬ್‌ಸ್ಟೇಷನ್ನಿನ ಆಪರೇಟರ್ ಶೈಲಾಳ ಎದೆಯೂ ಒಮ್ಮೆ ನಿಂತು ಹೊರಟಿತು. ಬೇಲಿಯ ಹೊರಗಿನಿಂದ ಟಾರ್ಚು ಬಿಟ್ಟು ನೋಡಿದಳು. ಟ್ರಾನ್ಸ್‌ಫಾರ್ಮರ್ ಬುಡದ ಜಲ್ಲಿಕಲ್ಲಿನ ಮೇಲೆ ಒಂದು ಮಂಗ ಅಂಗಾತ ಬಿದ್ದಿತ್ತು.

ಶೈಲಾಗೆ ನಿಯಮ ಬಾಯಿಪಾಠ. ಕರೆಂಟಿಗೆ ಮನುಷ್ಯ ಸತ್ತರೂ ಪ್ರಾಣಿ ಸತ್ತರೂ ಒಂದು ದಿನದೊಳಗೆ ವರದಿ ಹೋಗಬೇಕು, ಮೇಲಿನವರು ಹೇಳುವ ತನಕ ಹೆಣ ಮುಟ್ಟಬಾರದು. ಮಲಗುವ ಮುಂಚೆ ಗ್ಯಾಸಿನ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವವಳು ಅವಳು. ಬೆಳಗಾಗುವುದನ್ನೇ ಕಾದು ಗೋಕಾಕದ ಸಾಹೇಬರಿಗೆ ಫೋನ್ ಮಾಡಿದಳು.

“ಸತ್ತೈತೇನು, ಬರೇ ಪೆಟ್ಟಾಗೇತೇನು? ಎರಡರಾಗ ಒಂದು ಹೇಳ್ರಿ.”

“ಅಳ್ಳಾಡವಲ್ದರಿ ಸರ್.”

“ಹಂಗಾರ ಸತ್ತೈತಿ. ಫೋಟೋ ತಗದು ಗೇಟಿನ ಹೊರಗ ಇಡಸ್ರಿ. ಮಧ್ಯಾಹ್ನ ಬರ್ತೇನಿ. ಮಾಲಕರ ಹೆಸರೂ ಬೇಕು.”

“ಮಂಗ್ಯಾಗ ಮಾಲಕರು ಯಾರ್ರಿ ಸರ್?”

“ಅದನ್ನ ನೀವ ಹುಡುಕ್ರಿ. ಫಾರ್ಮಿನಾಗ ಕಾಲಂ ಐತಿ.”

ಮಾಲಕರು ತಾವಾಗಿಯೇ ಬಂದರು. ಲೈನ್‌ಮನ್ ರಾಜಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಮಂಗವನ್ನು ಹೊರಗೆ ತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ, ಊರಿನ ಹಿರಿಯಳು ಅಕ್ಕವ್ವ ಅರ್ಧ ಊರನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಅಂದು ಹಣಮಪ್ಪನ ವಾರ, ಶನಿವಾರ ಬೇರೆ. ಅವಳು ವಿಭೂತಿ ಹಚ್ಚಲು ಕೈ ಚಾಚಿದಳು.

“ಮುಟ್ಟಬ್ಯಾಡ್ರಿ ಯವ್ವಾ, ಒಳಗ ಇನ್ನೂ ಕರೆಂಟ್ ಐತಿ,” ಎಂದ ರಾಜಪ್ಪ.

“ಮಂದಿ ಸತ್ತರ ಕರೆಂಟ್ ಇಳದು ಹೋಗ್ತೈತಿ, ಇವಗ ಯಾಕ ಇಳದಿಲ್ಲೋ?”

“ದೇವರ ಮೈಯಲ್ರಿ, ಹಿಡದು ಇಟ್ಕೊಂತೈತಿ.”

ಹಾಗಾಗಿ ವಿಭೂತಿಯನ್ನು ದೂರದಿಂದ ತೂರಿದರು, ಮಾಲೆಯನ್ನು ಎಸೆದರು, ಕೆಂಪು ಶಾಲನ್ನು ಬಿದಿರುಗಳದಿಂದ ಹೊದಿಸಿದರು. ಬಾಳೆಹಣ್ಣಿನ ಗೊನೆಯನ್ನೂ ಗಳದಿಂದಲೇ ಮುಂದೆ ತಳ್ಳಿದರು. ಉಸಿರಾಡುತ್ತಿದೆಯೇ ಎಂದು ನೋಡಲು ಯಾರೂ ಹತ್ತಿರ ಹೋಗಲಿಲ್ಲ.

“ಯಾರ್ಡಿನ ಒಳಗ ಪ್ರಾಣ ಬಿಟ್ಟಾನ, ಅಲ್ಲೇ ಗದ್ದಿಗಿ ಆಗ್ಲಿ,” ಎಂದಳು ಅಕ್ಕವ್ವ. “ಶನಿವಾರಕ್ಕೊಮ್ಮೆ ಹುಡುಗೂರು ಬಂದು ಎಣ್ಣಿ ಹಾಕ್ತಾವ.”

ಶೈಲಾ ಯಾರ್ಡಿನತ್ತ ತಿರುಗಿ ನೋಡಿದಳು. ಆ ತಂತಿಗಳ ಕೆಳಗೆ ಮಕ್ಕಳು, ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಗಿಂಡಿ. ಅವಳು ಕೈಮುಗಿದಳು. “ಅವ್ವಾರ, ಒಳಗ ಬಂದ್ರ ಮಂದಿ ಸಾಯ್ತಾರ್ರಿ. ಅಗಸಿ ಗುಡಿ ಬಾಜೂಕ ಮಾಡ್ರಿ.”

ಬಹಳ ಹೊತ್ತು ಕೊಸರಾಡಿ ಅಕ್ಕವ್ವ ಒಪ್ಪಿದಳು. “ಕಲ್ತಾಕಿ ಹೇಳ್ತಿ ಅಂತ ಆತು. ಆದ್ರ ಅವ ತಾನ ಏನರ ಕುರುಹು ತೋರ್ಸಿದ್ನೋ, ಆಮ್ಯಾಲ ನಿನ್ನ ಮಾತ ಕೇಳೂದಿಲ್ಲ ನೋಡು.”

ಕುಣಿ ತೋಡಲು ಕೆಲವರು, ಮೂಡಲಗಿಯಿಂದ ಕರಡಿ ಮಜಲಿನ ಬಾಜಾ ಕರೆತರಲು ಕೆಲವರು, ಊರೆಲ್ಲ ಹೋಯಿತು. ರಾಜಪ್ಪನೂ ಹೋದ. ಹೆಣ ಕಾಯಲು ಶೈಲಾ ಉಳಿದಳು.

ಶಾಲು ಅಲುಗಿತು. ಗಾಳಿ ಇರಬೇಕು ಎಂದುಕೊಂಡಳು. ಗಾಳಿ ಇರಲಿಲ್ಲ. ಶಾಲಿನೊಳಗಿಂದ ಒಂದು ಕೈ ಬಂದು ಬಾಳೆಹಣ್ಣು ಕಿತ್ತಿತು, ಆಮೇಲೆ ಇನ್ನೊಂದು, ಹೀಗೆ ನಾಲ್ಕು. ಹಣಮಪ್ಪ ಸಿಪ್ಪೆಗಳನ್ನು ಅವಳ ಕಾಲಬುಡಕ್ಕೆ ಒಗೆದ, ಮಾಲೆಯ ಚೆಂಡುಹೂವನ್ನು ಅಗಿದು ಉಗುಳಿದ, ಚಹಾ ತಡವಾಯಿತು ಎಂಬಂತೆ ಅವಳನ್ನು ನೋಡಿದ. ಆಮೇಲೆ ಶಾಲನ್ನು ಕುರ್ಚಿಯಲ್ಲೇ ಬಿಟ್ಟು ಬೇವಿನ ಮರ ಹತ್ತಿ, ಆಚೆ ಧುಮುಕಿ, ಕಬ್ಬಿನ ಹೊಲದಲ್ಲಿ ಮಾಯವಾದ. ಶೈಲಾ ಸಾಹೇಬರಿಗೆ ಮತ್ತೆ ಫೋನ್ ಮಾಡಿದಳು.

“ಸರ್, ಸತ್ತಿಲ್ರಿ. ಎದ್ದು ಹೋತ್ರಿ.”

“ಪೆಟ್ಟು?”

“ನಾಕು ಬಾಳಿಹಣ್ಣು ತಿಂತ್ರಿ.”

“ನಾಕು ತಿಂದ್ರ ಪೆಟ್ಟಾಗಿಲ್ಲ ಬಿಡ್ರಿ. ಬರೇ ಲೈನ್ ಟ್ರಿಪ್ ಅಂತ ಬರೀರಿ. ನಾ ಬರೂದಿಲ್ಲ.”

ಶೈಲಾ ನಕ್ಕಳು. ನಕ್ಕು ನಕ್ಕು ನೆಲದ ಮೇಲೆ ಕೂತಳು. ಅಷ್ಟರಲ್ಲಿ ದೂರದಲ್ಲಿ ಬಾಜಾ ಕೇಳಿಸಿತು. ತಟ್ಟನೆ ಎದ್ದು ನಿಂತಳು. ಸತ್ತವನು ಎದ್ದು ಹೋದ ಜಾಗ. ಇದಕ್ಕಿಂತ ದೊಡ್ಡ ಕುರುಹು ಬೇಕೆ? ನಾಳೆಯಿಂದ ಈ ಗೇಟು ಯಾರನ್ನೂ ತಡೆಯುವುದಿಲ್ಲ.

ಶಾಲೆಯ ಮಾಸ್ತರರಿಗೂ ಸುಳ್ಳು ಹೇಳಿದವಳಲ್ಲ, ಆದರೂ ಕೈಗಳು ಅವಳಿಗಿಂತ ಮುಂಚೆ ಓಡಿದವು. ಮಳೆಕೋಟನ್ನು ಸುತ್ತಿ ಕುರ್ಚಿಯಲ್ಲಿ ಇಟ್ಟಳು, ಮೇಲೆ ತನ್ನ ಹೆಲ್ಮೆಟ್ಟು, ಅದರ ಮೇಲೆ ಶಾಲು. ಸಿಪ್ಪೆಗಳನ್ನು ಪರ್ಸಿಗೆ ತುರುಕಿದಳು.

ಕುರ್ಚಿಗೆ ಬಿದಿರು ಕಟ್ಟಿ ಹೊತ್ತರು. ಕರಡಿ ಮಜಲು ಮೈಮರೆತು ಬಾರಿಸಿತು. ಹೆಲ್ಮೆಟ್ಟಿಗೆ ದಾರಿಯುದ್ದಕ್ಕೂ ಗುಲಾಲು ಬಿತ್ತು, ಅಕ್ಕವ್ವ ಮಳೆಕೋಟನ್ನು ನೋಡಿ ನೋಡಿ ಅತ್ತಳು. ಶೈಲಾ ತುಟಿ ಕಚ್ಚಿಕೊಂಡು ನಡೆದಳು. ಭುಜ ಕುಲುಕುವುದನ್ನು ಕಂಡು ಹೆಂಗಸರು ಅವಳ ಬೆನ್ನು ಸವರಿ ಸಮಾಧಾನ ಮಾಡಿದರು.

ಊರಬಾಗಿಲ ಅಗಸಿಯ ಬಳಿ ಕುಣಿಗೆ ಇಳಿಸುವ ಕೆಲಸ ಕೈಗವಸಿನ ರಾಜಪ್ಪನದು. ಎತ್ತಿದವನು ಅಲ್ಲೇ ನಿಂತ. ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದ. ಟಕ್ ಟಕ್. ಶೈಲಾಳ ಕಡೆ ನೋಡಿದ. ಶೈಲಾ ಆಕಾಶ ನೋಡಿದಳು.

“ಏನಾತೋ?” ಎಂದಳು ಅಕ್ಕವ್ವ.

“ಏನಿಲ್ರಿ. ತಲಿ ಭಾಳ ಬಿರುಸಾಗೇತಿ.”

“ಆಗದೇನ? ಕರೆಂಟ್ ಕುಂತೈತಿ ಒಳಗ,” ಎಂದು ಅವಳೇ ಮೊದಲ ಹಿಡಿ ಉಪ್ಪು ಹಾಕಿದಳು.

ಮೋಟರ್‌ಸೈಕಲ್ಲಿನಲ್ಲಿ ತಿರುಗಿ ಬರುವಾಗ ರಾಜಪ್ಪ ಹಿಂದೆ ನೋಡದೆ ಕೇಳಿದ, “ಮೇಡಂ, ಶಾಲಿನಾಗ ಇದ್ದದ್ದು ಏನ್ರಿ?”

ರಾಜಪ್ಪ ಒಳ್ಳೆಯವನು. ಆದರೆ ಇವನಿಗೆ ಹೇಳಿದರೆ ಹಾಲು ಕರೆಯುವ ಹೊತ್ತಿಗೆ ಅಕ್ಕವ್ವ ಎಣ್ಣೆಗಿಂಡಿ ಹಿಡಿದು ಗೇಟಿನಲ್ಲಿರುತ್ತಾಳೆ.

“ದೇವರಪಾ,” ಎಂದಳು.

ಬೇಲಿಯ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ತಂತಿಗಳು ತಮ್ಮ ಪಾಡಿಗೆ ಗುಂಯ್‌ಗುಡುತ್ತಿದ್ದವು. ರಾಜಪ್ಪನಿಗಾಗಲಿ, ಹುಕ್ಕೇರಿಯ ತವರಿನವರಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು, ಬೀಗ ಎರಡು ಸಲ ಜಗ್ಗಿ ನೋಡುತ್ತ, ಶೈಲಾ ಮನಸ್ಸು ಗಟ್ಟಿ ಮಾಡಿಕೊಂಡಳು.