ಹೆಜ್ಜೆ ತಡೆಯುವ ಸ್ಪ್ರಿಂಗು

ಆ ಮನೆಯಲ್ಲಿ ಹಿಮ್ಮಡಿ ಊರಿ ನಡೆದವರಿಲ್ಲ. ಮರದ ನೆಲ. ಹಲಗೆ ಅದುರಿದರೆ ಹಾಡುತ್ತಿರುವ ರೆಕಾರ್ಡಿನ ಮೇಲೆ ಮುಳ್ಳು ಹಾರುತ್ತಿತ್ತು, ಮುಳ್ಳು ಹಾರಿದರೆ ಗಂಡನ ಪಿತ್ತ ನೆತ್ತಿಗೇರುತ್ತಿತ್ತು. "ಮೆಲ್ಲಗೆ ನಡಿ" ಅನ್ನುವುದು ಅವನ ಬಾಯಿಪಾಠ. ಮದುವೆಯಾದ ಹೊಸದರಲ್ಲೇ ಅವಳು ತುದಿಗಾಲಿನ ನಡಿಗೆ ಕಲಿತಳು, ಆಮೇಲೆ ಮಗಳಿಗೂ ಕಲಿಸಿದಳು. "ನಮ್ಮನೇಲಿ ಬೆಕ್ಕೂ ಅಪ್ಪನ ಪರ್ಮಿಷನ್ ಕೇಳಿ ಕಾಲಿಡ್ಬೇಕು" ಎಂದು ಮಗಳು ನಗುತ್ತಿದ್ದಳು.

ಗಂಡ ಹಳೇ ರೆಕಾರ್ಡ್ ಪ್ಲೇಯರುಗಳನ್ನು ರಿಪೇರಿ ಮಾಡುತ್ತ ತನ್ನದೇ ಒಂದನ್ನು ಕಟ್ಟುತ್ತಿದ್ದ. ತಿರುಗುವ ತಟ್ಟೆಯನ್ನೂ ಮುಳ್ಳಿನ ಕೈಯನ್ನೂ ಹೊತ್ತ ಚೌಕಟ್ಟು ಮೂರು ಸ್ಪ್ರಿಂಗುಗಳಲ್ಲಿ ತೂಗುತ್ತಿತ್ತು. ನೆಲದ ಅದುರು ಸ್ಪ್ರಿಂಗಿನಲ್ಲೇ ಸಾಯಬೇಕು, ಮುಳ್ಳಿಗೆ ಮುಟ್ಟಬಾರದು. ತಟ್ಟೆಗೆ ತೂಕ ಹೆಚ್ಚಿಸಿದ, ಬೆಲ್ಟ್ ಬದಲಿಸಿದ, ಸ್ಪ್ರಿಂಗುಗಳನ್ನು ತಾನೇ ಸುತ್ತಿದ. ಪ್ರತಿ ಸಲವೂ ಅವಳನ್ನು ಕರೆಯುತ್ತಿದ್ದ: "ಲೇ, ಒಂದ್ಸಲ ಹೀಗ್ ಬಂದ್ ಹೋಗು."

ಕಡೆಗೊಂದು ದಿನ ಮುಳ್ಳು ಮಿಸುಕಲಿಲ್ಲ.

"ಗೆದ್ದೆ ಕಣೇ. ಇನ್ಮೇಲೆ ಹೇಗ್ ಬೇಕಾದ್ರೂ ನಡಿ."

ಮನಸ್ಸು ಹಗುರಾಯಿತು. ಆದರೆ ಕಾಲು ಕೇಳಬೇಕಲ್ಲ? ಹಿಮ್ಮಡಿ ತಾನಾಗಿ ಮೇಲೆದ್ದೇ ಇತ್ತು.

ಅದೇ ವಾರ ರೆಕಾರ್ಡ್ ಪ್ಲೇಯರು ಮಾರುವ ದೊಡ್ಡ ಅಂಗಡಿಯ ಯಜಮಾನ ಅದನ್ನು ಕೇಳಿ ನೋಡಲು ಬಂದ. ಅವನಿಗೆ ಹಿಡಿಸಿದರೆ ಆ ಮಾದರಿಯನ್ನೇ ಮಾಡಿಸಿ ಮಾರುತ್ತಿದ್ದ. ಗಂಡ ತನ್ನ ಬಾಳನ್ನೆಲ್ಲ ಸುರಿದದ್ದು ಅದಕ್ಕೇ. ಅಂಗಡಿಯವನು ದಢೂತಿ ಆಸಾಮಿ, ಕಣ್ಣುಮುಚ್ಚಿ ಹಾಡು ಕೇಳುತ್ತ ತಲೆದೂಗಿದ. ಹತ್ತಿರದಿಂದ ನೋಡೋಣವೆಂದು ಎದ್ದು ಎರಡು ಹೆಜ್ಜೆ ಇಟ್ಟ. ಮುಳ್ಳು ಕರ್ರೆಂದು ಜಾರಿ ಅರ್ಧ ಹಾಡನ್ನೇ ನುಂಗಿಹಾಕಿತು.

"ಏನ್ ಸ್ವಾಮಿ, ನಾನ್ ಎದ್ದಿದ್ದಕ್ಕೇ ಮುನಿಸ್ಕೊಂಡ್ತಾ?"

"ಇಲ್ಲ, ಇವಳು ದಿನಾ ಓಡಾಡ್ತಾಳೆ, ಏನೂ ಆಗಲ್ಲ. ಲೇ, ನಡೆದು ತೋರ್ಸು."

ಅವಳು ಕಾಫಿ ಲೋಟಗಳ ತಟ್ಟೆ ಹಿಡಿದೇ ನಡೆದಳು. ಮುಳ್ಳು ಅಲುಗಲಿಲ್ಲ. ಅಂಗಡಿಯವನು ನೋಡುತ್ತಿದ್ದದ್ದು ಮುಳ್ಳನ್ನಲ್ಲ, ಅವಳ ಪಾದಗಳನ್ನು.

"ಈ ತಾಯೀನೂ ಡಬ್ಬದೊಳಗೆ ಹಾಕಿ ಕೊಡೋದಾದ್ರೆ ತಗೋತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಬಾಗಿಲು ಮುಚ್ಚಿದ್ದೇ ತಡ ಗಂಡ ತಿರುಗಿಬಿದ್ದ. "ನನ್ನ ಮುಳುಗಿಸ್ದೆ. ಮನುಷ್ಯರ ಥರ ನಡಿಯೋಕೆ ಏನಾಗಿತ್ತು ನಿಂಗೆ?"

ಆತ ಬೆನ್ನು ತಿರುಗಿಸಿ ಮುಳ್ಳನ್ನು ಮತ್ತೆ ಮೊದಲಿನಿಂದ ಇಟ್ಟ. ಅವಳು ಕಾಫಿ ತಟ್ಟೆ ಎತ್ತಿಕೊಂಡು, ಹಿಮ್ಮಡಿ ಊರಿ ಅಡುಗೆಮನೆ ಕಡೆ ಹೊರಟಳು. ಮೊದಲ ಹೆಜ್ಜೆಗೇ ಹಾಡು ತುಂಡಾಯಿತು. ಮುಂದಿನ ಹೆಜ್ಜೆಗೆ ಇನ್ನೊಂದು ತುಂಡು.

ಹಿಂದಿನಿಂದ "ಮೆಲ್ಲ..." ಎಂಬ ಅರ್ಧ ಮಾತು ಕೇಳಿಬಂದು ಅಲ್ಲೇ ನಿಂತಿತು.

ಅವಳು ನಿಲ್ಲಲಿಲ್ಲ. ಹಿಮ್ಮಡಿ ನೋಯುತ್ತಿತ್ತು, ಅಭ್ಯಾಸವಿರಲಿಲ್ಲ.